ಸುಣ್ಣದ ಗೆರೆಗಳ ಗುರು: ಶ್ರೀ ದಾದಾಸಾಹೇಬ ಅಕಿವಾಟೆ

‘ಒಂದು ಕಣ್ಣಿಗೆ ಬೆಣ್ಣೆ, ಎರಡು ಕಾಲಿಗೆ ಸುಣ್ಣ’ ಎಂದು ನಮ್ಮ ಹಿರಿಯರು ಹೇಳಿಲ್ಲ, ಹೇಳಿದ್ದರೆ ಚೆನ್ನಾಗಿತ್ತು. ಅವರು ಹೇಳಿದ ಗಾದೆ ಭೇದ ಮಾಡುವವರನ್ನು ಕುರಿತದ್ದು, ಇಲ್ಲಿ ತಿರುಚಿದ ಗಾದೆ ಯಾರಿಗೂ ಭೇದ ಮಾಡದ ಒಬ್ಬರನ್ನು ಕುರಿತದ್ದು. ಈ ತಿರುಚು ಎಷ್ಟು ಸರಿ ಎಂಬುದನ್ನು ನಡೆದ ಸಂಗತಿಯೊಂದರಿಂದಲೇ, ಉಪ್ಪುಖಾರ ಹಚ್ಚದೆ ತೋರಿಸುವುದಾಗಿ ಅಭಿನಂದನ ಸಮಿತಿಗೆ ಮಾತು ಕೊಟ್ಟಾಗಿದೆ. ಬರೆಯುವವನ ಚಟ ಬಲ್ಲ ಸಮಿತಿಯವರು ಆ ಮಾತನ್ನು ಎರಡು ಸಲ ಹೇಳಿಸಿಕೊಂಡರು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ಗಡಿ ತಾಲ್ಲೂಕುಗಳ ದೈಹಿಕ ಶಿಕ್ಷಣ ಕ್ಷೇತ್ರದಲ್ಲಿ ಶ್ರೀ ದಾದಾಸಾಹೇಬ ಅಕಿವಾಟೆ ಗುರುಗಳ ಹೆಸರನ್ನು ಅರಿಯದವರು ವಿರಳ. ಆಟವೆಂದರೆ ಪಾಠ ತಪ್ಪಿಸುವ ನೆಪ ಎಂದು ತಂದೆತಾಯಿಗಳೂ, ಪಾಠವೆಂದರೆ ಆಟ ತಪ್ಪಿಸುವ ಶಿಕ್ಷೆ ಎಂದು ಮಕ್ಕಳೂ ನಂಬಿದ್ದ ಕಾಲದಲ್ಲಿ, ಇಬ್ಬರ ನಂಬಿಕೆಯನ್ನೂ ಒಂದೇ ಸೀಟಿಯಿಂದ ಕೆಡಿಸಿದ ಕೀರ್ತಿ ಅವರದು. ಸಾವಿರದ ಒಂಬೈನೂರ ತೊಂಬತ್ತರ ಜುಲೈ ತಿಂಗಳಲ್ಲಿ ಉಗಾರ ಖುರ್ದದ ನಮ್ಮ ಪ್ರೌಢಶಾಲೆಗೆ ಅವರು ಬಂದಾಗ ಮೈದಾನವೆಂಬುದು ಜಾಲಿಮುಳ್ಳಿನ ಬಯಲಾಗಿತ್ತು. ಮೂವತ್ತೈದು ವರ್ಷಗಳ ತರುವಾಯ ಈ ಮೇ ತಿಂಗಳಲ್ಲಿ ಅವರು ನಿವೃತ್ತರಾಗುವಾಗ ಅದೇ ಬಯಲಿನಿಂದ ಹೊರಟ ಖೋಖೋ ತಂಡಗಳು ಹನ್ನೊಂದು ಸಲ ಜಿಲ್ಲೆಯನ್ನು ಗೆದ್ದಿವೆ.

ಗೆಲುವುಗಳ ಪಟ್ಟಿಯನ್ನು ಈ ಗ್ರಂಥದ ಬೇರೆ ಲೇಖಕರು ಕೊಡುವರು. ಇಲ್ಲಿ ಎರಡು ಉಪಕಾರಗಳನ್ನಷ್ಟೇ ನೆನೆಯಬೇಕು. ಹುಡುಗಿಯರನ್ನು ಪಂದ್ಯಕ್ಕೆ ಊರಾಚೆ ಕಳಿಸಲು ಪಾಲಕರು ಒಪ್ಪದಿದ್ದಾಗ, ಗುರುಗಳು ವಾದಕ್ಕಿಳಿಯದೆ ತಮ್ಮ ಧರ್ಮಪತ್ನಿ ಶ್ರೀಮತಿ ಲಕ್ಷ್ಮಿಬಾಯಿಯವರನ್ನೇ ತಂಡದ ಜೊತೆ ಕಳಿಸಿದರು. ಆ ತಾಯಿ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಹೊತ್ತು ಹತ್ತೊಂಬತ್ತು ವರ್ಷ ಪಂದ್ಯಗಳಿಗೆ ಅಲೆದರು. ಗುರುಗಳು ಹೊತ್ತು ಮುಳುಗಿದ ಮೇಲೆ ಅನ್ನನೀರು ಮುಟ್ಟದ ಜೈನ ವ್ರತಸ್ಥರು. ಪಂದ್ಯ ತಡವಾಗಿ ಮುಗಿದ ಎಷ್ಟೋ ಸಂಜೆ ಅವರು ಹದಿನಾಲ್ಕು ಹುಡುಗಿಯರಿಗೆ ಬಡಿಸಿ, ತಾವು ಉಪವಾಸ ಮಲಗಿದ್ದು ಆ ಹುಡುಗಿಯರಿಗೆ ತಾಯಂದಿರಾದ ಮೇಲಷ್ಟೇ ತಿಳಿಯಿತು.

ಎರಡನೆಯದು ಶೈಲಾ ಎಂಬ ವಿದ್ಯಾರ್ಥಿನಿಯ ಸಂಗತಿ. ಹುಟ್ಟಿನಿಂದಲೇ ಆಕೆಯ ಎಡಗಾಲು ತುಸು ಗಿಡ್ಡ. ಆಟದ ಅವಧಿಯಲ್ಲಿ ತರಗತಿಯ ಕಿಟಕಿಗೆ ಮುಖವಿಟ್ಟು ನಿಲ್ಲುತ್ತಿದ್ದ ಹುಡುಗಿಯನ್ನು ಗುರುಗಳು ಮೈದಾನಕ್ಕೆ ಕರೆದು, ಕೊರಳಿಗೆ ತಮ್ಮ ಸ್ಟಾಪ್‌ವಾಚ್ ಹಾಕಿದರು. “ಓಡೋರು ಸುಳ್ಳ ಹೇಳ್ತಾರವಾ, ಇದು ಹೇಳೂದಿಲ್ಲ. ಇನ್ನ ಮ್ಯಾಲೆ ಎಲ್ಲಾರ ವ್ಯಾಳೆ ನಿನ್ನ ಕೈಯಾಗ.” ಮೂರು ವರ್ಷ ಶಾಲೆಯ ಓಟಗಾರರೆಲ್ಲರ ಕಾಲು ನೋಡುತ್ತ ನಿಂತ ಆ ಹುಡುಗಿ ಮುಂದೆ ಕಾಲುಗಳನ್ನೇ ಓದಿ, ಚಿಕ್ಕೋಡಿಯಲ್ಲಿ ಫಿಸಿಯೋಥೆರಪಿಸ್ಟ್ ಆದಳು.

ಇನ್ನು ಕಹಿಯಾದದ್ದನ್ನು ಹೇಳಬೇಕು.

ಎರಡು ಸಾವಿರದ ಹದಿನೆಂಟರ ಜನವರಿ, ಶಾಲೆಯ ಸ್ನೇಹಸಮ್ಮೇಳನ. ಕನ್ನಡ ಮಾಸ್ತರ ಅಮೋಲ, ಎಂದರೆ ಈ ಸಾಲುಗಳನ್ನು ಬರೆಯುತ್ತಿರುವವನೇ, ಪ್ರತಿ ವರ್ಷದ ಪದ್ಧತಿಯಂತೆ ವೇದಿಕೆಯ ಮೇಲೆ ಸಹೋದ್ಯೋಗಿಗಳ ಅಣಕು ಮಾಡಿದ. ಹೆಡ್‌ಮಾಸ್ತರರ ಕೆಮ್ಮು ಆಯಿತು, ಗುಮಾಸ್ತರ ಆಕಳಿಕೆ ಆಯಿತು. ಕೊನೆಗೆ ಅಕಿವಾಟೆ ಗುರುಗಳ ನಡಿಗೆ. ಬಲಗೈ ಗಡಿಯಾರದ ಲೋಲಕದಂತೆ ಬೀಸುತ್ತಿದೆ, ಎಡಗೈ ತೊಡೆಗೆ ಅಂಟಿದೆ, ಹೆಜ್ಜೆ ಗೇಣುದ್ದ, ಮುಖ ನೋಟಿಸ್ ಬೋರ್ಡು, ಸೀಟಿ ಊದಿದರೆ ಬರುವುದು ಬರೀ ಗಾಳಿ. ಸಭೆ ಬಿದ್ದು ಬಿದ್ದು ನಕ್ಕಿತು. ಮೊದಲ ಸಾಲಿನಲ್ಲಿ ಕೂತ ಗುರುಗಳು ತಾವೂ ನಗುತ್ತಿದ್ದೇವೆಂದೇ ತಿಳಿದಿದ್ದರು. ಪಕ್ಕದಲ್ಲಿದ್ದ ಲಕ್ಷ್ಮಿಬಾಯಿಯವರು ಮೆಲ್ಲಗೆ, “ಸಿಟ್ಟಿಗೆದ್ದೀರೇನ್ರಿ? ನಗ್ರೆಲ್ಲ, ಮಂದಿ ನೋಡಾಕತ್ತಾರ” ಎಂದಾಗ ಅವರಿಗೆ ಆಶ್ಚರ್ಯವಾಯಿತು. ಒಳಗೆ ನಗೆ ಇತ್ತು, ಹೊರಗೆ ಬಂದಿರಲಿಲ್ಲ.

ಹಳೆಯ ವಿದ್ಯಾರ್ಥಿನಿಯಾಗಿ ಬಂದಿದ್ದ ಶೈಲಾ ಮಾತ್ರ ನಗಲಿಲ್ಲ. ಪರದೆಯ ಹಿಂದೆ ಅಮೋಲನನ್ನು ಹಿಡಿದು ನಿಲ್ಲಿಸಿದಳು.

“ಸರ, ಎಡಗೈ ಯಾಕ ಬೀಸಲಿಲ್ಲ?”

“ಅವ್ರು ಬೀಸೂದಿಲ್ಲ, ಅದಕ್ಕ.”

“ಯಾವಾಗಿಂದ ಬೀಸೂದಿಲ್ಲ?”

“ಎರಡ ವರ್ಷ ಆತ ನೋಡಾಕತ್ತು. ಯಾಕ, ಛಲೋ ಹಿಡದೀನಲ್ಲ?”

“ಭಾಳ ಛಲೋ ಹಿಡದೀರಿ,” ಎಂದಳು ಶೈಲಾ. “ಡಾಕ್ಟರೂ ಇಷ್ಟ ಛಲೋ ಹಿಡೀತಿರಲಿಲ್ಲ. ಎರಡ ವರ್ಷ ನೋಡಿ ನಕ್ರೆಲ್ಲ, ಒಬ್ರಿಗರೆ ಹೇಳಬೇಕಿತ್ತು.”

ಅಂದಿನಿಂದ ಅಮೋಲ ವೇದಿಕೆ ಹತ್ತಿಲ್ಲ.

ಮರುದಿನ ಶೈಲಾ, ಅಮೋಲ ಇಬ್ಬರೂ ಗುರುಗಳ ಮನೆಗೆ ಹೋಗಿ ವಿಷಯ ತೆಗೆದಾಗ ಗುರುಗಳು ವಾದಿಸಲಿಲ್ಲ. ಹಾಜರಿ ಪುಸ್ತಕದಲ್ಲಿ ತಮ್ಮ ಅಕ್ಷರ ಇರುವೆಯಷ್ಟು ಚಿಕ್ಕದಾಗುತ್ತ ನಡೆದದ್ದು ಅವರಿಗೆ ಗೊತ್ತಿತ್ತು. ಇನ್ನೊಂದು ಗೊತ್ತಿರಲಿಲ್ಲ. ಕಬ್ಬಿನ ಹಂಗಾಮು ಶುರುವಾದರೆ ಉಗಾರದಲ್ಲಿ ಹಾಸಿಗೆ ಹೊದಿಕೆಗೂ ಸಕ್ಕರೆ ಕಾರಖಾನೆಯ ಕಾಕಂಬಿಯ ವಾಸನೆ ಹತ್ತುತ್ತದೆ. ಗುರುಗಳು ಮೂರು ವರ್ಷದಿಂದ ಕಂಡಕಂಡವರಿಗೆ, “ಕಾರಖಾನಿಯವ್ರು ಭಾಳ ಸುಧಾರಿಸ್ಯಾರ ಬಿಡ್ರಿ, ಈಗ ವಾಸನೀನ ಇಲ್ಲ” ಎಂದು ಮನಸಾರೆ ಹೊಗಳುತ್ತ ಬಂದಿದ್ದರು. ಜನ ಅದನ್ನು ಹಾಸ್ಯವೆಂದು ತಿಳಿದು ನಕ್ಕಿದ್ದರು. ಮೂಗು ಸೋತದ್ದು ಕಾರಖಾನೆಯ ಗುಣವಲ್ಲ, ಬರಲಿದ್ದ ರೋಗ ಮೊದಲೇ ಕಳಿಸಿದ ಪತ್ರ ಎಂದು ಅಂದು ಶೈಲಾ ಹೇಳಿದಾಗ, ಅವರು ಬಹಳ ಹೊತ್ತು ಮೂಗನ್ನೇ ಸವರಿಕೊಳ್ಳುತ್ತ ಕೂತರು.

ಮಿರಜಿನ ನರರೋಗತಜ್ಞರು ಪಾರ್ಕಿನ್ಸನ್ ಎಂದರು. ನಮ್ಮ ವೈದ್ಯರು ಇದನ್ನು ಕಂಪವಾತ ಎನ್ನುತ್ತಾರೆ. ಹೆಸರಿನಲ್ಲಿ ಕಂಪವಿದೆ, ಬಂದವರ ಬದುಕಿನಿಂದ ಕಂಪು ಹೋಗುತ್ತದೆ. ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ತಯಾರಿಸುವ ಜೀವಕೋಶಗಳ ಒಂದು ಸಣ್ಣ ಕೇರಿ ಇದೆ. ಕೈ ಬೀಸಲು, ಹೆಜ್ಜೆ ಎತ್ತಲು, ಮುಖ ಅರಳಲು ಅಲ್ಲಿಂದಲೇ ಅಪ್ಪಣೆಯಾಗಬೇಕು. ಆ ಕೇರಿಯ ಮಂದಿ ಒಬ್ಬೊಬ್ಬರಾಗಿ ಸಾಯುತ್ತಾರೆ. ಕೈ ನಡುಗುವುದು ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ದೀಪ ಆರಿರುತ್ತದೆ. ಗುಳಿಗೆ ಇದೆ, ಗುಳಿಗೆ ಸತ್ತವರನ್ನು ಎಬ್ಬಿಸುವುದಿಲ್ಲ, ಅವರ ಕೆಲಸವನ್ನು ಕೆಲವು ತಾಸು ಮಾಡಿಕೊಡುತ್ತದೆ, ಅಷ್ಟೆ.

“ಕಡೀತನಕ ನುಂಗಬೇಕೇನ್ರಿ?” ಎಂದು ಗುರುಗಳು ಕೇಳಿದರು.

“ಕಡೀತನಕ,” ಎಂದರು ವೈದ್ಯರು. “ಮತ್ತ ವ್ಯಾಯಾಮ. ದಮ್ಮು ಹತ್ತೂವಂಥಾ ವ್ಯಾಯಾಮ. ನಿಮಗ ಅದನ್ನ ಕಲಸಬೇಕಾಗಿಲ್ಲಲ್ಲ.”

ಕಲಿಸಬೇಕಾಗಿತ್ತು. ಇಪ್ಪತ್ತೆಂಟು ವರ್ಷ ಇತರರಿಗೆ ವ್ಯಾಯಾಮ ಮಾಡಿಸಿದ ದೇಹ ಈಗ ಸ್ವಂತ ಅಪ್ಪಣೆ ಕೇಳುತ್ತಿರಲಿಲ್ಲ. ಮುಂಜಾನೆಗಳಂತೂ ಕೊರಡಿನಂತೆ. ಗುಳಿಗೆಯ ಪ್ರಮಾಣ ಏರಿಸಿದರೂ ನಸುಕಿನಲ್ಲಿ ಮಗ್ಗಲು ಹೊರಳಲಾಗದ್ದಕ್ಕೆ ಕಾರಣ ಮೂರು ತಿಂಗಳು ಯಾರಿಗೂ ಹೊಳೆಯಲಿಲ್ಲ. ಕಡೆಗೆ ಶೈಲಾ, “ರಾತ್ರಿ ಗುಳಿಗಿ ಎಷ್ಟಕ್ಕ ತಗೋತೀರಿ?” ಎಂದು ಕೇಳಿದಳು. “ಐದೂವರಿಗಿ” ಎಂದರು ಗುರುಗಳು, ಅದಕ್ಕಿಂತ ಸಹಜವಾದ ಉತ್ತರವಿಲ್ಲವೆಂಬಂತೆ. ಹೊತ್ತು ಮುಳುಗಿದ ಮೇಲೆ ನೀರು ಮುಟ್ಟದ ವ್ರತ. ಹೀಗಾಗಿ ರಾತ್ರಿಯ ಗುಳಿಗೆಯನ್ನೂ ಸಂಜೆಯ ಗುಳಿಗೆಯ ಜೊತೆಗೇ ನುಂಗಿ ಮುಗಿಸುತ್ತಿದ್ದರು. ಲಕ್ಷ್ಮಿಬಾಯಿಯವರು ಹಣೆ ಬಡಿದುಕೊಂಡರು: “ಔಷಧಕ್ಕ ಮಾಫಿ ಐತ್ರಿ! ಮುನಿಗಳನ್ನ ಒಂದ ಮಾತ ಕೇಳಬಾರದ?” ಗುರುಗಳು ಎಂಟು ದಿನ ಯೋಚಿಸಿದರು. ನಲವತ್ತು ವರ್ಷದ ವ್ರತದಲ್ಲಿ ಒಂದು ಗುಟುಕು ನೀರಿನಷ್ಟು ಕಿಂಡಿ ಬಿಟ್ಟುಕೊಂಡು, ಅದಕ್ಕೆ ಪ್ರತಿಯಾಗಿ ಚಹಾ ಬಿಟ್ಟರು.

ಇನ್ನೊಂದು ಸಂಕಟ ಗುಳಿಗೆಗೂ ಬಗ್ಗಲಿಲ್ಲ. ಬಾಗಿಲು, ಹೊಸ್ತಿಲು, ಇಕ್ಕಟ್ಟಾದ ಜಾಗ ಬಂದರೆ ಕಾಲು ನೆಲಕ್ಕೆ ಬೆಸೆದುಬಿಡುತ್ತಿತ್ತು. ಮನಸ್ಸು ಮುಂದೆ, ದೇಹ ಮುಂದೆ, ಪಾದವೊಂದು ಹಿಂದೆ. ಬೀಳುವುದು ಹೀಗೆಯೇ. ಆದರೆ ಮರುವರ್ಷದ ಕ್ರೀಡಾಕೂಟಕ್ಕೆ ಸುಣ್ಣದ ಡಬ್ಬಿ ಹಿಡಿದು ಮೈದಾನದಲ್ಲಿ ಗೆರೆ ಎಳೆಯುವಾಗ ಅವರಿಗೊಂದು ವಿಚಿತ್ರ ಕಂಡಿತು. ಸ್ಟಾಫ್‌ರೂಮಿನ ಬಾಗಿಲಲ್ಲಿ ಹತ್ತು ನಿಮಿಷ ನಿಂತ ಕಾಲು, ಅಡ್ಡ ಎಳೆದ ಬಿಳಿ ಗೆರೆ ಕಂಡೊಡನೆ ತಾನಾಗಿ ಎದ್ದು ದಾಟಿತು. ಎರಡನೇ ಗೆರೆ, ಮೂರನೇ ಗೆರೆ. ಅವರು ಒಂದೂವರೆ ಅಡಿಗೊಂದರಂತೆ ನಲವತ್ತು ಗೆರೆ ಎಳೆದು, ಡಬ್ಬಿ ಕೆಳಗಿಟ್ಟು, ಅವನ್ನು ಹೋಗುತ್ತ ಬರುತ್ತ ದಾಟಿದರು. ಯಾರೋ ಕಸಿದುಕೊಂಡಿದ್ದ ತಮ್ಮದೇ ಮನೆಗೆ ಹಿತ್ತಿಲ ಬಾಗಿಲು ಸಿಕ್ಕಂತೆ ಆಯಿತೆಂದು ಮುಂದೊಮ್ಮೆ ಹೇಳಿದರು. ಒಳಗಿನ ಅಪ್ಪಣೆ ಸೋತಲ್ಲಿ ಕಣ್ಣಿಗೆ ಕಾಣುವ ಗೆರೆ, ಕಿವಿಗೆ ಬೀಳುವ ಎಣಿಕೆ ಹೊರಗಿನಿಂದ ಅಪ್ಪಣೆ ಕೊಡುತ್ತವೆ ಎಂದು ಶೈಲಾ ವಿವರಿಸಿದಳು. ಇದು ಶಾಸ್ತ್ರದಲ್ಲಿ ಮೊದಲೇ ಇದ್ದದ್ದು. ಗುರುಗಳು ಅದನ್ನು ಸುಣ್ಣದಲ್ಲಿ ಕಂಡುಕೊಂಡರು.

ಕಂಡುಕೊಂಡದ್ದನ್ನು ಬಚ್ಚಿಟ್ಟುಕೊಳ್ಳುವ ಗುಣ ಅವರದಲ್ಲ. ಅದೇ ವರ್ಷದಿಂದ ಮುಂಜಾನೆ ಏಳಕ್ಕೆ, ಶಾಲೆಯ ಗಂಟೆ ಹೊಡೆಯುವ ಮೊದಲು, ಸುತ್ತಲ ಊರುಗಳ ಕಂಪವಾತದವರು ಮೈದಾನಕ್ಕೆ ಬರತೊಡಗಿದರು. ಮೊದಲು ಬಂದವರು ಸಕ್ಕರೆ ಕಾರಖಾನೆಯ ನಿವೃತ್ತ ಫಿಟ್ಟರ್ ಮುರಗೆಪ್ಪ. ಎರಡನೆಯವರು ಮಂಗಸೂಳಿಯ ಕೆಂಚವ್ವ; ಮಲ್ಲಯ್ಯನ ಗುಡಿಯ ಮುಂದೆ ಭಂಡಾರ, ಎಂದರೆ ದೇವರ ಅರಿಸಿನಪುಡಿ, ಮಾರುವಾಕೆ. ಭಂಡಾರದ ಬುಟ್ಟಿಯ ಮೇಲೆ ಆಕೆಯ ಕೈ ನಡುಗುವುದನ್ನು ಕಂಡ ಭಕ್ತರು ಮೈಮೇಲೆ ದೇವರು ಬಂದನೆಂದು ಕಾಲಿಗೆ ಬೀಳುತ್ತಿದ್ದರಂತೆ.

“ಒಬ್ಬಾಕಿ ಬಂದು, ನನ್ನ ಸೊಸಿಗಿ ಗಂಡಸ ಮಗಾ ಆಗತೈತೇನ ತಾಯಿ ಅಂತ ಕೇಳಿದ್ಲ್ರಿ,” ಎಂದು ಕೆಂಚವ್ವ ಮೊದಲ ದಿನವೇ ಹೇಳಿದಳು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. “ನಾ ಏನ ಹೇಳ್ಲಿ? ಗುಳಿಗಿ ನುಂಗೂ ಹೊತ್ತಾಗೇತಿ ತಡೀವಾ ಅಂದ್ನಿ. ಆಕಿ ಅದನ್ನೂ ದೇವ್ರ ಮಾತ ಅಂತ ತಲೀಮ್ಯಾಲೆ ಭಂಡಾರ ಹಾಕ್ಕೊಂಡ ಹೋದ್ಲು.”

ಗುರುಗಳೂ ಸೇರಿ ಎಂಟು ಜನರಾದರು. ಗೆರೆಗಳ ಮೇಲೆ ನಡಿಗೆ, ಮೊಣಕಾಲು ಎದೆಮಟ್ಟಕ್ಕೆತ್ತಿ ಜಾಗದಲ್ಲೇ ಕುಣಿತ, ಚೆಂಡು ಹಿಡಿಯುವುದು, ಜೊತೆಗೆ ಗಂಟಲು ಹರಿಯುವಂತೆ ಎಣಿಕೆ, ಏಕೆಂದರೆ ಈ ರೋಗ ದನಿಯನ್ನೂ ತಿನ್ನುತ್ತದೆ. ಎಷ್ಟು ಜೋರಾಗಿ ಮಾಡಬೇಕೆಂಬುದಕ್ಕೆ ಶೈಲಾಳ ಅಳತೆ ಸರಳ: “ಮಾತಾಡಾಕ ಬರಬೇಕು, ಹಾಡಾಕ ಬರಬಾರದು. ಅಷ್ಟ ದಮ್ಮ ಹತ್ತಲಿ.” ಇದರಿಂದ ಮಿದುಳಿಗೇನು ಲಾಭ ಎಂದು ಮುರಗೆಪ್ಪ ಆಕೆಯನ್ನು ಕೇಳಿದಾಗ ನಡೆದ ಸಂಭಾಷಣೆ ಇಡೀ ಗುಂಪಿಗೆ ಪಾಠವಾಯಿತು.

“ಮಿಲ್ಲಿನ ರೋಲರಿಗೆ ಗ್ರೀಸ್ ಕಡಿಮಿ ಆದಂಗ, ಹೌದಿಲ್ಲೋ?”

“ಗ್ರೀಸ್ ಅಲ್ಲ ಕಾಕಾ. ಗ್ರೀಸ್ ಹಚ್ಚೋ ಮಂದೀನ ಸಾಯಾಕತ್ತಾರ.”

“ಹಂಗಾರ ಕುಣದ್ರ ಅವ್ರು ಎದ್ದ ಬರ್ತಾರೇನು?”

“ಸತ್ತವ್ರು ಬರೂದಿಲ್ಲ. ನೀವು ದಮ್ಮ ಹತ್ತೂವಂಗ ಕುಣದ್ರ ಮಿದುಳು ತಾನ ಒಂದ ನಮೂನಿ ಗೊಬ್ಬರ ತಯಾರ ಮಾಡ್ತೈತಿ. ಉಳದವ್ರಿಗಿ ಅದ ಊಟ. ಉಳದವ್ರು ಇನ್ನಷ್ಟ ದಿನ ಡ್ಯೂಟಿಗಿ ಬರಬಹುದು.”

ಕಳೆದ ವರ್ಷ ಆಕೆ ಇನ್ನೊಂದು ಸುದ್ದಿ ತಂದಳು. ಪರದೇಶದಲ್ಲಿ ಕೆಲವು ರೋಗಿಗಳಿಗೆ ಆರು ತಿಂಗಳು ಏದುಸಿರಿನ ವ್ಯಾಯಾಮ ಮಾಡಿಸಿ, ಮೊದಲೂ ಆಮೇಲೂ ಮಿದುಳಿನ ಚಿತ್ರ ತೆಗೆದರಂತೆ. ಆ ಕೇರಿಯಲ್ಲಿ ದಿನದಿನಕ್ಕೆ ಮಂಕಾಗಬೇಕಿದ್ದ ಬೆಳಕು ಮಂಕಾಗದೆ, ತುಸು ಏರಿತ್ತಂತೆ.

“ಎಷ್ಟ ಮಂದಿಗಿ ಮಾಡಿಸಿದ್ರು?” ಮುರಗೆಪ್ಪನ ಪ್ರಶ್ನೆ.

“ಹತ್ತ ಮಂದಿಗಿ.”

“ಹತ್ತ!” ಮುರಗೆಪ್ಪ ಸುತ್ತ ನೋಡಿದರು. “ಇಲ್ಲಿ ಎಂಟ ಮಂದಿ ಅದೀವಿ. ಇನ್ನಿಬ್ರನ್ನ ಹಿಡಕೊಂಡ ಬರ್ರಿ, ನಾವೂ ಪರದೇಶ ಆಗೂಣು.”

ಹತ್ತು ಜನರ ಸಾಕ್ಷಿಯಿಂದ ಜಗತ್ತಿಗೆ ತೀರ್ಪು ಹೇಳಲಾಗದೆಂದು ಶೈಲಾ ಅಂದೇ ಎಚ್ಚರಿಸಿದ್ದಳು. ಗುರುಗಳು ಆ ಎಚ್ಚರಿಕೆಯನ್ನು ಕೇಳಿಸಿಕೊಂಡರು, ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ಅವರ ಎಣಿಕೆಯಲ್ಲಿ ಹೊಸ ಹುರುಪು ಬಂತು. ‘ಉಳಿದವರು’ ಉಳಿಯುತ್ತಾರೆ ಎಂದು ಎಲ್ಲರಿಗೂ, ಎಲ್ಲರಿಗಿಂತ ಹೆಚ್ಚಾಗಿ ಮುರಗೆಪ್ಪನವರಿಗೆ, ಹೇಳುತ್ತ ಬಂದರು. ಮುರಗೆಪ್ಪ ಐದು ವರ್ಷದಲ್ಲಿ, ಮಹಾಮಾರಿಯ ತಿಂಗಳುಗಳನ್ನು ಬಿಟ್ಟರೆ, ಒಂದು ದಿನವೂ ತಪ್ಪಿಸಿದವರಲ್ಲ.

ಆ ಮುರಗೆಪ್ಪ ಕಳೆದ ಡಿಸೆಂಬರಿನಲ್ಲಿ ತೀರಿಕೊಂಡರು. ಬಿದ್ದು ಅಲ್ಲ, ನಡುಗಿ ಅಲ್ಲ. ಈ ರೋಗ ಕಾಲನ್ನು ಹಿಡಿದಂತೆಯೇ ನುಂಗುವ ಗಂಟಲನ್ನೂ ಹಿಡಿಯುತ್ತದೆ. ಅಂಬಲಿಯ ಒಂದು ಗುಟುಕು ಹಾದಿ ತಪ್ಪಿ ಶ್ವಾಸಕೋಶಕ್ಕೆ ಹೋಯಿತು. ಆರು ದಿನದ ಜ್ವರ. ಏಳನೆಯ ದಿನ ಮುಗಿಯಿತು.

ಅಂತ್ಯದರ್ಶನಕ್ಕೆ ಗುರುಗಳು ಹೋದರು. ಒಳಕೋಣೆಯಲ್ಲಿ ಮುರಗೆಪ್ಪನವರನ್ನು ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿದ್ದರು. ಮುಖ ನೋಡಿ, ಕೈಮುಗಿದು, ಹೊರಗೆ ಬರಲು ತಿರುಗಿದರು. ಹಳೆಯ ಮನೆಯ ಕಿರಿದಾದ ಬಾಗಿಲು, ಎತ್ತರದ ಹೊಸ್ತಿಲು. ಕಾಲು ಬೆಸೆಯಿತು. ಅಷ್ಟರಲ್ಲಿ ಒಳಗಿನಿಂದ ಹೆಣ ಎತ್ತಿದ್ದರು. ಹಿಂದೆ ನಾಲ್ವರ ಹೆಗಲ ಮೇಲೆ ಮುರಗೆಪ್ಪ, ಮುಂದೆ ಬಾಗಿಲ ಚೌಕಟ್ಟಿನಲ್ಲಿ ಸಿಕ್ಕಿಕೊಂಡ ಗುರುಗಳು, ಹೊರಗೆ ಭಜನೆಯ ಮಂದಿ. ತಾಳ ನಿಂತಿತು. “ಸರೀರ್ರೀ ಸರ... ಸರ, ಸ್ವಲ್ಪ ಸರೀರಿ” ಎಂದು ಯಾರೋ ಅಂದರು. ಸರಿಯುವುದಕ್ಕೆ ಇಡೀ ಮೈ ಬೆವರುತ್ತಿತ್ತು. ಅಲ್ಲಿ ಗೆರೆಗಳಿರಲಿಲ್ಲ, ಎಣಿಸಲು ದನಿಯೇಳಲಿಲ್ಲ. ಕೊನೆಗೆ ಇಬ್ಬರು ಗಟ್ಟಿಗರು ಅವರನ್ನು ಕಂಕುಳಿಗೆ ಕೈಹಾಕಿ ಎತ್ತಿ, ಪಕ್ಕಕ್ಕೆ ಇಟ್ಟರು.

“ಅವನಕಿಂತ ಮೊದಲ ನನ್ನ ಹೊತ್ತರು,” ಎಂದು ಗುರುಗಳು ಮನೆಗೆ ಬಂದು ಹೇಳಿದರು.

ವ್ಯಾಯಾಮ ಬಿಟ್ಟರು. ಶಾಲೆಗೆ ಬಂದರೆ ಕುರ್ಚಿ, ಮನೆಗೆ ಹೋದರೆ ಮಂಚ. ದನಿ ಎಷ್ಟು ಇಳಿಯಿತೆಂದರೆ ಲಕ್ಷ್ಮಿಬಾಯಿಯವರು ಬಾಯಿಗೆ ಕಿವಿಯಿಟ್ಟು ಕೇಳಬೇಕಾಯಿತು. ಎರಡು ವಾರದಲ್ಲಿ ಅವರು ಕಳಕೊಂಡದ್ದು ಎರಡು ವರ್ಷದಲ್ಲಿ ಕಳಕೊಳ್ಳಬೇಕಾದದ್ದು ಎಂದು ಶೈಲಾ ಲೆಕ್ಕ ಹಾಕಿದಳು. ಹೀಗೇ ಬೇಸಿಗೆಯ ತನಕ ಕೂತರೆ ನಿವೃತ್ತಿಯ ಸಮಾರಂಭಕ್ಕೆ ಅವರನ್ನು ಗಾಲಿಕುರ್ಚಿಯಲ್ಲೇ ತರಬೇಕಾದೀತು, ಮತ್ತೆ ಎಬ್ಬಿಸುವುದು ಯಾರಿಂದಲೂ ಆಗದು ಎಂದಳು. ಅವರ ಮುಂದೆಯೇ ಅಂದಳು.

“ನಾ ಅವಂಗ ಸುಳ್ಳ ಹೇಳಿದ್ನಿ,” ಎಂದರು ಗುರುಗಳು. “ಐದ ವರ್ಷ ಕುಣಿಸಿದ್ನಿ. ಏನಾತು?”

“ಐದ ವರ್ಷ ನಡದ್ರು ಸರ. ಕಡೀ ವಾರದ ತನಕ ತಮ್ಮ ಅಂಗಿ ಗುಂಡಿ ತಾವ ಹಾಕ್ಕೊಂಡ್ರು. ವ್ಯಾಯಾಮ ಸಾವನ್ನ ನಿಂದರಸ್ತೈತಿ ಅಂತ ನಾ ಯಾವತ್ತರೆ ಹೇಳೇನೇನು?”

“ನೀ ಹೇಳಿಲ್ಲ,” ಎಂದರು ಗುರುಗಳು. “ನಾ ಹೇಳಿದ್ನಿ.”



ಇಂಥ ಲೇಖನಗಳ ಕೊನೆಯಲ್ಲಿ ಶತಾಯುಷ್ಯ ಕೋರುವುದು ವಾಡಿಕೆ. ನೂರು ಎಂಬ ಸಂಖ್ಯೆಯನ್ನು ಎದುರಿಗಿಟ್ಟರೆ ಗುರುಗಳೇ ಮುಜುಗರಪಟ್ಟಾರು. ಈ ರೋಗ ಯಾರ ಹಾರೈಕೆಗೂ ಸೊಪ್ಪು ಹಾಕುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದುದರಿಂದ ಹಾರೈಕೆ ಇಷ್ಟೇ: ವೃತ್ತಿಯಿಂದ ನಿವೃತ್ತರಾದ ಗುರುಗಳು ಮೈದಾನದ ವೃತ್ತದಿಂದ ನಿವೃತ್ತರಾಗದಿರಲಿ, ಇರುವಷ್ಟು ಮುಂಜಾನೆಗಳೂ ಏಳಕ್ಕೇ ಶುರುವಾಗಲಿ, ತಮ್ಮ ಕಾಲ ಮೇಲೆ ನಿಂತು ಇನ್ನೂ ಬಹುಕಾಲ ನಮ್ಮನ್ನು ಗದರಿಸುವಂತಾಗಲಿ. ಹೀಗೆ ಹಾರೈಸಲು ನಮಗೆ ಧೈರ್ಯ ಬಂದದ್ದು ಜನವರಿಯ ಒಂದು ಮುಂಜಾನೆ.

ಮುರಗೆಪ್ಪ ಹೋಗಿ ಇಪ್ಪತ್ತಮೂರನೆಯ ದಿನ. ಆಟದ ಸಾಮಾನಿನ ಕೋಣೆಯ ಕೀಲಿ ಒಪ್ಪಿಸಿ, ಮುಂಜಾನೆಯ ವರ್ಗ ಇಂದಿಗೆ ಮುಗಿಯಿತೆಂದು ಹೇಳಿಬಿಡುವೆನೆಂದು ಗುರುಗಳು ಬಂದಿದ್ದರು. ಅಮೋಲ ಸ್ಕೂಟರಿನಲ್ಲಿ ಕರೆತಂದು ಬೇವಿನ ಗಿಡದ ಕೆಳಗೆ ಕುರ್ಚಿಯಲ್ಲಿ ಕೂರಿಸಿದ. ಉಳಿದ ಆರು ಜನ ಗೆರೆಗಳ ಅಂಚಿನಲ್ಲಿ ನಿಂತಿದ್ದರು. ಗೆರೆಗಳನ್ನು ಅಂದು ಯಾರು ಎಳೆದರೆಂದು ಅವರು ಕೇಳಲಿಲ್ಲ. ಸೊಟ್ಟಗಿದ್ದವು, ಅದನ್ನಷ್ಟೇ ಗಮನಿಸಿದರು.

“ಇವತ್ತಿಗಿ ಸಾಕ್ರಿ,” ಎಂದರು. ಯಾರಿಗೂ ಕೇಳಿಸಲಿಲ್ಲ. ಅಮೋಲ ಗಟ್ಟಿಯಾಗಿ ದಾಟಿಸಿದ: “ಇವತ್ತಿಗಿ ಸಾಕಂತ.”

“ಆತ್ ಬಿಡ್ರಿ,” ಎಂದಳು ಕೆಂಚವ್ವ. “ಕಡೀ ಸಲ ಒಂದ ಸುತ್ತ ಹಾಕ್ತೀವಿ. ನೀವು ಕುಂತಲ್ಲೇ ಎಣಸ್ರಿ. ಇಷ್ಟರೆ ಮಾಡ್ರೆಲ್ಲ.”

ಗುರುಗಳು ಎಣಿಸಿದರು. ಒಂದು, ಎರಡು, ಮೂರು, ಎಂಟಾದರೆ ಮತ್ತೆ ಒಂದು. ದನಿ ಕುರ್ಚಿಯಿಂದ ಕೆಳಗಿಳಿಯುವಷ್ಟೂ ಇರಲಿಲ್ಲ. ಸಾಲು ಹೊರಟಿತು. ಮುಂದೆ ಕೆಂಚವ್ವ, ಹಿಂದೆ ಐವರು. ಹನ್ನೆರಡನೆಯ ಗೆರೆಯ ಹತ್ತಿರ ಕೆಂಚವ್ವ ನಿಂತಳು. ಒಂದು ಕಾಲು ಗೆರೆಯ ಮೇಲೆ, ಒಂದು ಕಾಲು ಹಿಂದೆ, ಮೊಣಕಾಲು ಗಡಗಡ. ಆಕೆಯ ಹಿಂದಿನವರೂ ನಿಂತರು. ಒಬ್ಬೊಬ್ಬರಾಗಿ ಆರೂ ಜನ.

“ನಾಕು,” ಎಂದರು ಗುರುಗಳು. ಯಾರೂ ಕದಲಲಿಲ್ಲ. “ನಾಕು!” ಇಲ್ಲ. ಆರು ಮುಖಗಳನ್ನೂ ನೋಡಿದರು. ಆರರಲ್ಲೂ ಏನೂ ಇಲ್ಲ, ಗೋಡೆಗಳಂತೆ. ಆರು ಜನಕ್ಕೆ ಒಟ್ಟಿಗೇ ಕಾಲು ಬೆಸೆದದ್ದನ್ನು ಅವರು ಐದು ವರ್ಷದಲ್ಲಿ ಕಂಡಿರಲಿಲ್ಲ. ತಾವು ಕೈಬಿಟ್ಟ ಇಪ್ಪತ್ತಮೂರು ದಿನಗಳಲ್ಲಿ ಇವರೆಲ್ಲ ಹೀಗಾದರೆ? “ಅಮೋಲಾ!” ಎಂದು ಕೂಗಿದರು. ಅಮೋಲ ದೂರದಲ್ಲಿ ಬೆನ್ನು ತಿರುವಿ ಫೋನಿನಲ್ಲಿ ಯಾರೊಡನೆಯೋ ಹರಟುತ್ತಿದ್ದ.

ಅಷ್ಟರಲ್ಲಿ ಕೆಂಚವ್ವ ಮುಂದಕ್ಕೆ ವಾಲತೊಡಗಿದಳು. ಬೀಳುವವರು ಹೀಗೆಯೇ ವಾಲುತ್ತಾರೆ.

ಗುರುಗಳು ಎದ್ದದ್ದು ಅವರಿಗೆ ಗೊತ್ತಾಗಲಿಲ್ಲ. ಕುರ್ಚಿ ಹಿಂದಕ್ಕೆ ಉರುಳಿತು. ಬೇವಿನ ಗಿಡದಿಂದ ಹನ್ನೆರಡನೆಯ ಗೆರೆಗೆ ಮೂವತ್ತು ಹೆಜ್ಜೆ. ನಡುವೆ ಮಳೆನೀರಿನ ಕಾಲುವೆ ಒಂದು. ಅಷ್ಟನ್ನೂ ಓಡಿದರು. “ನಾಕು! ಐದು! ಕಾಲ ಎತ್ತ ಕೆಂಚವ್ವಾ! ಗೆರಿ ನೋಡ, ಗೆರಿ ನೋಡ!” ಎಂದು ಮೈದಾನ ಮೊಳಗುವಂತೆ ಕೂಗುತ್ತ ಹೋಗಿ ಆಕೆಯ ರಟ್ಟೆ ಹಿಡಿದರು.

ಕೆಂಚವ್ವ ನೆಟ್ಟಗೆ ನಿಂತಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಯಾಕ್ರಿ ಸರ, ಹಿಂಗ್ಯಾಕ ಓಡಿ ಬಂದ್ರಿ? ನಮಗೇನಾಗೇತಿ?”

“ನೀವು... ನಿಮ್ಮ ಕಾಲು...”

“ನಮ್ಮ ಕಾಲ ಛಲೋ ಅದಾವು. ನಿಮ್ಮವು ಹ್ಯಾಂಗ ಅದಾವ ಅಂತ ನೋಡೂಣು ಅಂತ ನಿಂತಿದ್ವಿ.”

ಇದು ಮೂರು ದಿನದ ಸಂಚು. ಉಪಾಯ ಕೆಂಚವ್ವನದು. ಬೆಸೆದ ಕಾಲನ್ನು ನಟಿಸುವುದು ಹೇಗೆಂದು ಕಲಿಸಲು ಅಮೋಲನನ್ನು ಕರೆದಿದ್ದರು. ಅವನು ಬಾಯಿ ತೆಗೆಯುವ ಮೊದಲೇ ಆರೂ ಜನ ಅವನಿಗಿಂತ ಚೆನ್ನಾಗಿ ಮಾಡಿ ತೋರಿಸಿದ್ದರು. ಗಂಡಾಂತರ ಕಂಡರೆ ಬೆಸೆದ ಕಾಲೂ ಒಮ್ಮೊಮ್ಮೆ ಓಡುತ್ತದೆಂದು ಹೇಳಿಕೊಟ್ಟವಳು ಶೈಲಾ. “ಓಡಲಿಲ್ಲಂದ್ರ?” ಎಂದು ಅಮೋಲ ಕೇಳಿದಾಗ, “ಓಡಲಿಲ್ಲಂದ್ರ ನಾ ಖರೇನ ಬೀಳ್ತೀನಿ, ಅದಕ್ಕೇನ” ಎಂದಿದ್ದಳು ಕೆಂಚವ್ವ. ನಗೆಯನ್ನು ಮುಖಕ್ಕೆ ಬರಗೊಡದ ರೋಗವನ್ನೇ ಅವರು ಸಂಚಿಗೆ ದುಡಿಸಿಕೊಂಡಿದ್ದರು. ಎಂಟು ವರ್ಷ ಅದೇ ಮುಖವನ್ನು ಹೊತ್ತ ಗುರುಗಳೇ ಮೋಸಹೋದರು.

ಗುರುಗಳು ಹಿಂದಿರುಗಿ ನೋಡಿದರು. ದೂರದಲ್ಲಿ ಉರುಳಿದ ಕುರ್ಚಿ, ದಾಟಿ ಬಂದ ಕಾಲುವೆ, ಸುಣ್ಣದ ಮೇಲೆ ಮೂಡಿದ ತಮ್ಮವೇ ಉದ್ದುದ್ದ ಹೆಜ್ಜೆಗಳು. ಕೆಂಚವ್ವನ ಭು‌ಜ ಮೊದಲು ಅಲುಗಿತು. ಹಿಂದಿನ ಐವರ ಹೊಟ್ಟೆಗಳು ಅಲುಗಿದವು. ಮುಖಗಳು ಮಾತ್ರ ನೋಟಿಸ್ ಬೋರ್ಡುಗಳೇ; ಆ ಮುಖಗಳ ಹಿಂದಿನಿಂದ ಗುಸುಗುಸು ನಗೆ ಸೋರುತ್ತಿತ್ತು. ಅಮೋಲ ಫೋನು ಜೇಬಿಗಿಟ್ಟು, ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿ ನಿಂತ.

“ಹಲ್ಕಟ್ ಮಂದಿ!” ಎಂದರು ಗುರುಗಳು. ಮೂವತ್ತೈದು ವರ್ಷದಲ್ಲಿ ಅವರ ಬಾಯಿಂದ ಯಾರೂ ಕೇಳಿರದ ಮಾತದು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಬಾಯಿ ತೆರೆದು, ನಕ್ಕರು. ರಸ್ತೆಯಲ್ಲಿ ಕಬ್ಬು ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನವನು ಗಾಡಿ ನಿಧಾನಿಸಿ ಕಂಪೌಂಡಿನ ಆಚೆಯಿಂದ ಇಣುಕಿ ನೋಡಿದ. ಏಳು ಜನ ನಗುತ್ತಿದ್ದರು. ಅವನಿಗೆ ಇಂಜಿನ್ನಿನ ಸದ್ದಿನ ಮೇಲೂ ಕೇಳಿಸುತ್ತಿದ್ದದ್ದು ಒಬ್ಬರ ನಗೆ ಮಾತ್ರ.